ಟಣ್ ಅನ್ನದ ಕೋಲು

ಏಳನೇ ಕ್ಲಾಸಿಗೆ ಬೆನ್ನು ತಿರುಗಿಸಿ ಕಲ್ಲಿನ ಕೆಲಸಕ್ಕೆ ಸೇರಿದವನು ನಾನು. ಅದಕ್ಕೆ ಬೇಸರ ಇಲ್ಲ. ಮಧುವನಹಳ್ಳಿಯಿಂದ ಕೊಳ್ಳೇಗಾಲದವರೆಗೆ ಎಷ್ಟೋ ಮನೆಗಳ ಮೆಟ್ಟಿಲು ನನ್ನ ಸುತ್ತಿಗೆ ಕಂಡಿವೆ. ಬಂಡೆಗೆ ಒಂದೇಟು ಹಾಕಿ ಕಿವಿ ಕೊಟ್ಟರೆ ಸಾಕು, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತೇನೆ. ಗಟ್ಟಿ ಕಲ್ಲು ಟಣ್ ಅನ್ನುತ್ತೆ, ಪೊಳ್ಳು ಕಲ್ಲು ದೊಬ್ ಅನ್ನುತ್ತೆ. ಈ ಕಿವಿಯನ್ನೇ ನಂಬಿ ಬದುಕಿದವನು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ಲೊಕ್ಕನಹಳ್ಳಿಯಾಚೆ, ಕಾಡಿನ ಅಂಚಿಗೆ ನನ್ನದೊಂದು ಹೊಲ. ಹೊಲ ಅಂತ ನಾನು ಕರೆಯುತ್ತಿದ್ದೆ. ಊರವರು ಅದಕ್ಕೆ ಕಲ್ಲುಗುಡ್ಡೆ ಅನ್ನುತ್ತಿದ್ದರು. ನಾನೂ ನನ್ನ ಹೆಂಡತಿಯೂ ಬೇಸಿಗೆಯೆಲ್ಲ ಕಲ್ಲು ಆಯ್ದು, ಆಯ್ದ ಕಲ್ಲಿನಲ್ಲೇ ಸುತ್ತ ಬದು ಕಟ್ಟಿ, ಮುಸುಕಿನ ಜೋಳ ಬಿತ್ತಿದೆವು. ಟೀ ಅಂಗಡಿಯಲ್ಲಿ ನನ್ನ ವಾರಗೆಯವನೊಬ್ಬ ಎಲ್ಲರ ಮುಂದೆ ಮೀಸೆ ತಿರುವಿದ.

"ಆ ಬಂಡೆ ಮ್ಯಾಲೆ ಜೋಳ ಬೆಳೆದ್ರೆ ಈ ಮೀಸೆ ಬೋಳುಸ್ಬುಡ್ತೀನಿ ಕಣ್ಲಾ."

"ಕತ್ತಿ ಮಸ್ಕಂಡಿರು," ಅಂದೆ. "ದೀಪಾವಳಿಗೆ ನನ್ ಜಗಲಿ ತುಂಬ ತೆನೆ ಸುರೀತೀನಿ. ಬಂದು ನೋಡ್ಕಂಡು ಓಗಿ ಬೋಳುಸ್ಕೊ."

ಹೇಳಿದ ಮೇಲೆ ಮುಗಿಯಿತು. ಆಡಿದ ಮಾತು ಇಟ್ಟ ಕಲ್ಲಿದ್ದ ಹಾಗೆ, ಮತ್ತೆ ಕೀಳೋದು ನನ್ನ ಜಾಯಮಾನದಲ್ಲಿಲ್ಲ.

ಮಳೆ ಕೈ ಕೊಡಲಿಲ್ಲ. ಜೋಳ ಎದೆಮಟ್ಟ ಬಂತು, ನೆತ್ತಿಗೆ ಹೂವಿನ ಸೂಲಂಗಿ ತೆಗೆಯಿತು. ಉಳಿದ ಭಯ ಒಂದೇ, ಕಾಡುಹಂದಿ. ನಮ್ಮ ಕಡೆ ಹಂದಿ ಗುಂಪು ಒಂದು ಸಂಜೆ ಹೊಲಕ್ಕೆ ಇಳಿದರೆ ಬೆಳಗ್ಗೆ ಅದು ಕುಸ್ತಿ ಅಖಾಡ. ಅಕ್ಕಪಕ್ಕದವರು ತಗಡು ಬಡಿದರು, ಪಟಾಕಿ ಹೊಡೆದರು, ಬೇಲಿಗೆ ಹಳೇ ಸೀರೆ ಕಟ್ಟಿದರು. ಒಬ್ಬ ಕಾವಲಿನ ಅಟ್ಟಣೆ ಮೇಲೆ ರೇಡಿಯೋ ಇಟ್ಟ. ಹಂದಿಗಳು ಪ್ರದೇಶ ಸಮಾಚಾರ ಪೂರ್ತಿ ಕೇಳಿಕೊಂಡು ಅವನ ಜೋಳ ಪೂರ್ತಿ ತಿಂದವು.

ನನ್ನ ಹೊಲಕ್ಕೆ ಮಾತ್ರ ಒಂದೂ ಕಾಲಿಡಲಿಲ್ಲ. ಕಾರಣ ನನ್ನ ಪಕ್ಕದ ಸಾಹೇಬರು.

ಅವರು ದೊಡ್ಡ ಹುದ್ದೆಯಲ್ಲಿದ್ದು ರಿಟೈರಾದವರು. ಹನೂರು ಕಡೆ ತೋಟ ಮಾಡುತ್ತೇನೆ ಅಂತ ನನ್ನ ಪಕ್ಕದ ಮೇಡು ಜಮೀನು ತಗೊಂಡರು. ಕಾಂಪೌಂಡು ನಾನೇ ಕಟ್ಟಿಕೊಟ್ಟೆ. ಆಮೇಲೆ ನೋಡಿದರೆ ಒಳಗೆ ಬರೀ ಹುಲ್ಲು ಹಾಕಿಸಿದರು. ದನ ಇಲ್ಲ, ಕುರಿ ಇಲ್ಲ, ಹುಲ್ಲಿಗೆ ನೀರು! ಸಂಜೆಯಾದರೆ ಅದರ ಮೇಲೆ ನಿಂತು, ಉದ್ದನೆ ಕೋಲಿನಲ್ಲಿ ಬಿಳೀ ಚೆಂಡನ್ನು ಆ ತುದಿಯ ಬಂಡೆ ಕಡೆಗೆ ಹೊಡೆಯುವುದು. ಗಾಲ್ಫ್ ಅಂತೆ. ಆ ಕೋಲಿಗೆ ಡ್ರೈವರ್ ಅಂತ ಹೆಸರು. ಜೊತೆಗೆ ಇಬ್ಬರು ಬರುತ್ತಿದ್ದರು, ಯಳಂದೂರಿನ ಒಬ್ಬ ರೈಸ್ ಮಿಲ್ ಯಜಮಾನರು, ಕೊಳ್ಳೇಗಾಲದ ಒಬ್ಬ ಹಲ್ಲಿನ ಡಾಕ್ಟರು.

ನಾನು ನನ್ನ ಹೊಲದ ಅಟ್ಟಣೆ ಮೇಲೆ ಕೂತು ದಿನಾ ನೋಡುತ್ತಿದ್ದೆ. ಕೋಲಿನ ತುದಿಗೆ ಎಳೇ ಕುಂಬಳಕಾಯಿಯಂಥ ಪೊಳ್ಳು ಲೋಹದ ತಲೆ. ಸಾಹೇಬರು ಚೆಂಡಿನ ಮುಂದೆ ನಿಲ್ಲುವರು. ಕಾಲು ಸರಿಸುವರು. ಸೊಂಟ ಕುಲುಕುವರು. ದೂರ ನೋಡುವರು, ಚೆಂಡು ನೋಡುವರು, ಮತ್ತೆ ದೂರ ನೋಡುವರು. ಅಷ್ಟು ಹೊತ್ತಿನಲ್ಲಿ ನಾನೊಂದು ಚಪ್ಪಡಿ ಕೂರಿಸಿಬಿಡುತ್ತಿದ್ದೆ. ಆಮೇಲೆ ಟಣ್! ಚೆಂಡು ಬಂಡೆ ಕಡೆ ಬಿಟ್ಟು ಬೇಲಿ ಕಡೆ ಹೋಗುವುದು. ಸಾಹೇಬರ ಬೈಗುಳ ಇಂಗ್ಲಿಷಿನಲ್ಲಿ ಹೊರಟು ಕನ್ನಡದಲ್ಲಿ ಮುಗಿಯುತ್ತಿತ್ತು. ಮಿಲ್ ಯಜಮಾನರು ಸೀದಾ ಕನ್ನಡದಲ್ಲೇ ಹೊರಡುತ್ತಿದ್ದರು. ಕಾಡಂಚಿನ ಕಂದಕದ ಹತ್ತಿರ ಮೂತಿ ಹಾಕಿದ್ದ ಹಂದಿ ಗುಂಪು ಗಕ್ಕನೆ ನಿಂತು, ತಿರುಗಿ, ಓಟ. ಒಮ್ಮೆ ಬೆದರಿದರೆ ಅವತ್ತು ಮತ್ತೆ ಈ ದಿಕ್ಕಿಗಿಲ್ಲ.

ಆ ಟಣ್ ಗಟ್ಟಿ ಕಲ್ಲಿನ ಟಣ್ ಕಣ್ರಿ. ಹಂದಿ ಹೆದರೋದರಲ್ಲಿ ಆಶ್ಚರ್ಯ ಏನಿದೆ ಅಂದುಕೊಂಡಿದ್ದೆ.

ಹೀಗಿರುವಾಗ ಸಾಹೇಬರಿಗೆ ಹೊಸ ಕೋಲು ಬಂತು. ಮೂರೂ ಜನ ಮದುಮಗಳ ಮುಖ ನೋಡುವ ಹಾಗೆ ಅದನ್ನು ಸುತ್ತಿಕೊಂಡು ನಿಂತಿದ್ದರು. ನಾನೂ ಹೋದೆ. ಚೆಂಡಿಗೆ ತಗುಲುವ ಮೂತಿ ಲೋಹದ್ದಲ್ಲ, ಕಾರ್ಬನ್ನು. ಕಪ್ಪು ನೂಲಿನಲ್ಲಿ ಗಟ್ಟಿ ಬಟ್ಟೆ ನೇಯ್ದಂತಿತ್ತು. ಅಡಿಯಲ್ಲಿ ಸ್ಕ್ರೂ, ಅದಕ್ಕೊಂದು ಪುಟಾಣಿ ಕೀ. ಈ ಕಡೆ ತಿರುಗಿಸಿದರೆ ಚೆಂಡು ಎಡಕ್ಕೆ ವಾಲುತ್ತಂತೆ, ಆ ಕಡೆ ತಿರುಗಿಸಿದರೆ ಬಲಕ್ಕೆ.

"ಇದರ ಮೂತೀನ ಕಂಪ್ಯೂಟರೇ ಲೆಕ್ಕ ಹಾಕಿ ಮಾಡಿರೋದು," ಅಂದರು ಡಾಕ್ಟರು. "ನಡುವೆ ತಗುಲಲಿ, ಅಂಚಿಗೆ ತಗುಲಲಿ, ಚೆಂಡು ನೆಟ್ಟಗೇ ಹೋಗುತ್ತೆ. ನಮ್ಮ ತಪ್ಪನ್ನ ಅದೇ ತಿದ್ಕೊಳ್ಳುತ್ತೆ."

"ತಪ್ಪನ್ನ ಕೋಲೇ ತಿದ್ಕಳ ಅಂಗಿದ್ರೆ ನೀವ್ಯಾಕೆ ನಿಂತಿರ್ಬೇಕು ಸಾ? ಕೋಲು ನಿಲ್ಸುಟ್ಟು ಮನಗ ಓಗಿ," ಅಂದೆ.

ಡಾಕ್ಟರು ನಗಲಿಲ್ಲ. ಸಾಹೇಬರು ಹೊಡೆದರು. ದೊಬ್. ಚೆಂಡು ದಾರ ಹಿಡಿದ ಹಾಗೆ ನೆಟ್ಟಗೆ ಹೋಗಿ ಬಂಡೆ ಮುಟ್ಟಿತು.

ಮಿಲ್ ಯಜಮಾನರು ಮುಖ ಕಿವುಚಿದರು. "ಇದ್ಯಾವ ಸದ್ದುರೀ? ನೆಂದಿರ ಅಕ್ಕಿ ಮೂಟೆ ಲಾರಿಯಿಂದ ಬಿದ್ದಂಗದ."

"ಸದ್ದು ಕೇಳೋಕೆ ಬಂದಿದೀರೇನ್ರೀ? ದೂರ ನೋಡಿ, ದೂರ!" ಅಂದರು ಡಾಕ್ಟರು.

"ದೂರ ಯಾವನಿಗ್ ಬೇಕು? ಒಡುದ್ರೆ ಒಡ್ದಂಗಿರ್ಬೇಕು."

ಒಂದು ವಾರ ಇದೇ ಜಗಳ. ಆಮೇಲೆ ಡಾಕ್ಟರೂ ಮಿಲ್ ಯಜಮಾನರೂ ಒಂದೊಂದು ತರಿಸಿಕೊಂಡರು. ಸಾಹೇಬರು ಅರ್ಧ ಸಂಜೆ ಕೀ ಹಿಡಿದು ಸ್ಕ್ರೂ ತಿರುಗಿಸುವುದು, ಉಳಿದರ್ಧ ದೊಬ್ ದೊಬ್. ಎಲ್ಲ ಚೆಂಡೂ ನೆಟ್ಟಗೆ. "ಚೆನ್ನಾಗಿ ಬಂತು." "ಹೂಂ, ಚೆನ್ನಾಗಿ ಬಂತು." ಕಾಂಪೌಂಡಿನೊಳಗೆ ಆಸ್ಪತ್ರೆಯಂಥ ಶಾಂತಿ.

ಆ ಶಾಂತಿಯಲ್ಲೇ ಹಂದಿ ಬಂತು. ಒಂದು ಬೆಳಗ್ಗೆ ಹೆಂಡತಿ ಹೊಲದಿಂದ ಕೂಗಿದಳು. ಓಡಿ ಹೋಗಿ ನೋಡಿದರೆ ಕಂದಕದ ಕಡೆಯ ಸಾಲುಗಳು ಮಲಗಿವೆ. ಹಾಲುಗಾಳಿನ ತೆನೆ ಅಗಿದು ಉಗಿದಿವೆ. ನನ್ನ ಕಣ್ಣ ಮುಂದೆ ಟೀ ಅಂಗಡಿಯ ಮೀಸೆ ಕುಣಿಯಿತು.

ಸದ್ದು ಹೋಯಿತು, ಹಂದಿ ಬಂತು. ಇದಕ್ಕಿಂತ ಪುರಾವೆ ಬೇಕೇ? ಸೀದಾ ಸಾಹೇಬರ ಹತ್ತಿರ ಹೋದೆ.

"ಸಾ, ಹಳೇ ಕೋಲಲ್ಲೇ ಒಡೀರಿ ಸಾ. ಜೋಳ ಮನೆ ಸೇರಗಂಟ."

"ನಿನ್ನ ಹಂದಿಗೋಸ್ಕರ ನಾನು ನನ್ನ ಆಟ ಕೆಡಿಸ್ಕೊಳ್ಳಲಾ?" ಅಂತ ನಕ್ಕು, ಹಳೇ ಕೋಲನ್ನೂ ಒಂದು ಬುಟ್ಟಿ ಗೀರುಬಿದ್ದ ಚೆಂಡನ್ನೂ ನನ್ನ ಕೈಗಿಟ್ಟರು. "ತಗೊಂಡು ಹೋಗು. ಇದು ನನಗಿನ್ನು ಬೇಡ."

ಆ ಸಂಜೆ ಕೋಲನ್ನು ತಲೆ ಕೆಳಗೆ ಮಾಡಿ ಅಟ್ಟಣೆಗೆ ನೇತುಹಾಕಿ, ಆ ತಲೆಗೆ ಸುತ್ತಿಗೆಯಲ್ಲಿ ಬಡಿದೆ. ಟಣ್, ಟಣ್, ಟಣ್. ಕಸುಬಿನವನ ಕೈ, ಒಂದೇಟಿಗೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಹಂದಿಗಳು ಬಂದವು. ಒಂದು ತಲೆಯೆತ್ತಿ ನನ್ನನ್ನು ನೋಡಿತು, ಮತ್ತೆ ತೆನೆಗೆ ಬಾಯಿ ಹಾಕಿತು.

"ಯಾರೋ ಮನೆ ಕಟ್ಸ್ತಾವ್ರೆ ಅಂದ್ಕಂಡವು," ಅಂದಳು ಹೆಂಡತಿ.

ಚೆಂಡಿಗೆ ಹೊಡೆದರೇನೇ ಸರಿಯಾದ ಸದ್ದು ಬರಬಹುದು ಅಂದುಕೊಂಡೆ. ಮಾರನೆಯ ದಿನ ಹೊಲದ ತಲೆಯಲ್ಲಿ ಮಣ್ಣುಂಡೆ ಇಟ್ಟು, ಅದರ ಮೇಲೆ ಚೆಂಡಿಟ್ಟು, ಸಾಹೇಬರ ಹುಲ್ಲಿನ ಕಡೆಗೆ ಮುಖ ಮಾಡಿ ಬೀಸಿದೆ. ಏಟು ಗಾಳಿಗೆ ಬಿತ್ತು. ಮತ್ತೆ ಬೀಸಿದೆ. ನೆಲ ಕಿತ್ತು ಬಂತು, ಚೆಂಡು ಅಲ್ಲೇ ಕೂತಿತ್ತು. ಚಮ್ಮಟಿಗೆ ಎತ್ತಿದರೆ ಉಳಿಯ ನೆತ್ತಿ ತಪ್ಪಿದವನಲ್ಲ ನಾನು! ಮೂರನೆಯದು ಚೆಂಡಿನ ತಲೆ ಸವರಿತು, ಚೆಂಡು ನನ್ನದೇ ಬದುವಿಗೆ ಬಡಿದು, ವಾಪಸು ಬಂದು ನನ್ನ ಮೊಣಕಾಲಿಗೇ ಬಡಿಯಿತು.

ಆಗ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಆ ಚೆಂಡಿನ ಹೆತ್ತವರನ್ನೂ, ಕೋಲು ಕಂಡುಹಿಡಿದವನ ಮನೆತನವನ್ನೂ ಬಿಡಲಿಲ್ಲ. ಕಂದಕದ ಹತ್ತಿರ ದಡಬಡ ಸದ್ದಾಯಿತು. ಹಂದಿಗಳು ಬಾಲ ಎತ್ತಿ ಓಡುತ್ತಿದ್ದವು.

"ನೋಡ್ದಾ! ಕೋಲಿನ ಮಹಿಮೆ," ಅಂದೆ ಹೆಂಡತಿಗೆ.

ಅವಳು ನನ್ನ ಬಾಯಿಯನ್ನೊಮ್ಮೆ, ಹಂದಿ ಓಡಿದ ದಿಕ್ಕನ್ನೊಮ್ಮೆ ನೋಡಿದಳು.

ದಿನಾ ಸಂಜೆ ಅದೇ ಕೆಲಸವಾಯಿತು. ತಪ್ಪುತ್ತಿದ್ದೆ, ಉರಿಯುತ್ತಿದ್ದೆ, ಹಂದಿ ಓಡುತ್ತಿತ್ತು. ಒಂದು ಸಂಜೆ ಮಾತ್ರ ಅದೇನಾಯಿತೋ, ಕೋಲು ತಾನಾಗಿ ಇಳಿದ ಹಾಗೆ ಇಳಿಯಿತು. ಟಣ್! ಚೆಂಡು ಕಾಂಪೌಂಡು ದಾಟಿ, ಹುಲ್ಲು ದಾಟಿ, ಬಂಡೆಗೆ ಹೋಗಿ ಕೂತಿತು. ನಾನು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಾ ನಿಂತೆ. ಸಂತೋಷಕ್ಕೆ ಮಾತೇ ಬರಲಿಲ್ಲ. ಅಷ್ಟರಲ್ಲಿ ಹಂದಿ ಗುಂಪು ನನ್ನ ಬೆನ್ನ ಹಿಂದೆಯೇ ಜೋಳಕ್ಕೆ ನುಗ್ಗಿತು. ಹೆಂಡತಿ ಕುಡುಗೋಲು ಹಿಡಿದು ಬೊಬ್ಬೆ ಹಾಕಿಕೊಂಡು ಓಡಿದಳು.

ಅಟ್ಟಿ ಬಂದವಳು ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಈಗ್ಲೂ ಟಣ್ ಅಂತಲ್ಲಾ, ಯಾಕ ಓಡ್ನಿಲ್ಲ ಅವು?"

ನಾನು ಕೋಲಿನ ತಲೆ ತಿರುಗಿಸಿ ನೋಡಿದೆ.

"ಅವು ಕೋಲ್ಗ ಎದುರ್ಕಳಲ್ಲ. ಬೈಗುಳ್ಕ ಎದುರ್ಕತಾವ. ಸಾಹೇಬ್ರು ಮುಂಚೆ ಎಷ್ಟು ಬೈಯ್ಯರು? ಈಗ ಎಲ್ಲಾ ಚೆಂಡೂ ನೆಟ್ಟಗ ಓಯ್ತವ, ಇನ್ಯಾರ್ನ ಬೈದಾರು? ನೀನು ಕಲ್ಲಿನ ಕಿವಿ ಇಟ್ಕಂಡು ಟಣ್ ಟಣ್ ಅಂತ ಕುಂತಿದ್ದಯ!"

ಕಲ್ಲಿನ ಕಿವಿಗೆ ಅವತ್ತು ಬಿದ್ದ ಏಟು ಬೇರೆ ಯಾವತ್ತೂ ಬಿದ್ದಿಲ್ಲ.

"ಅಂಗಾದ್ರೆ ಬರೀ ಬೈದ್ರಾಯ್ತು, ಕೋಲ್ಯಾಕೆ?" ಅಂದು ಮಾರನೆಯ ಸಂಜೆ ಅಟ್ಟಣೆ ಹತ್ತಿ ಸುಮ್ಮನೆ ಬೈದು ನೋಡಿದೆ. ಗೊತ್ತಿದ್ದದ್ದೆಲ್ಲ ಬೈದೆ. ಹಂದಿಗಳು ಬರುತ್ತಲೇ ಇದ್ದವು. ನನ್ನ ಕಿವಿಗೇ ಅದು ಮದುವೆ ಮನೆಯಲ್ಲಿ "ಇನ್ನೊಂದು ತುತ್ತು ಹಾಕ್ಕೊಳ್ಳಿ" ಅಂದ ಹಾಗೆ ಕೇಳುತ್ತಿತ್ತು. ಬೈಗುಳ ಹೊಟ್ಟೆಯಿಂದ ಬರಬೇಕು, ಹೊಟ್ಟೆ ಉರಿಯಬೇಕಾದರೆ ಆ ಕೋಲೇ ಬೇಕು.

ಕಷ್ಟ ಏನೆಂದರೆ, ನಾನು ದುಡಿಯುವ ಜಾತಿ. ಯಾವ ಕೆಲಸವನ್ನೇ ಆಗಲಿ ದಿನಾ ಮಾಡಿದರೆ ಕೈಗೆ ಬಂದುಬಿಡುತ್ತೆ. ಬೇಡ ಬೇಡ ಅಂದರೂ ಚೆಂಡು ನೆಟ್ಟಗೆ ಹೋಗತೊಡಗಿತು. ಬೇಕೆಂದೇ ತಪ್ಪು ಹೊಡೆದರೆ ಸಿಟ್ಟು ಬರುತ್ತಿರಲಿಲ್ಲ. ತೆನೆ ಇನ್ನೂ ಒಣಗಿರಲಿಲ್ಲ. ನನ್ನ ಕೈಯೇ ನನ್ನ ಬೆಳೆಗೆ ಮುಳುವಾಗಿತ್ತು.

ಆಗ ಒಂದು ಮಧ್ಯಾಹ್ನ ಸಾಹೇಬರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತರು. ಮುಖ ಸಪ್ಪಗಿತ್ತು.

"ಆ ಹಳೇ ಕೋಲು ಇದೆಯೇನಪ್ಪಾ?"

"ಯಾಕ್ ಸಾ, ಹೊಸದು ಕೆಟ್ಟೋಯ್ತಾ?"

"ಇಲ್ಲ. ಬಲು ಚೆನ್ನಾಗಿದೆ." ಬಂಡೆ ಕಡೆ ಕೈ ತೋರಿಸಿದರು. "ಹೊಡೀತೀನಿ, ಹೋಗುತ್ತೆ. ಮತ್ತೆ ಹೊಡೀತೀನಿ, ಮತ್ತೆ ಹೋಗುತ್ತೆ. ಅದೇ ಹೋಗುತ್ತೆ, ನಾನ್ಯಾಕೆ ನಿಂತಿದೀನಿ ಅನ್ಸುತ್ತೆ. ಮಿಲ್‌ನವರಂತೂ ರಾತ್ರಿ ನಿದ್ದೆ ಬರಲ್ಲ ಅಂತಾರೆ. ಸಂಜೆ ಇಲ್ಲಿ ಕಕ್ಕಿ ಹೋಗ್ತಿದ್ದ ಸಿಟ್ಟು ಈಗ ಮನೇಲಿ ಹೊರಗೆ ಬರ್ತಿದೆಯಂತೆ."

ಇಂಥ ಸಮಯದಲ್ಲಿ ಬುದ್ಧಿ ಓಡಬೇಕು. ನನ್ನದು ಓಡಿತು.

"ಕೊಟ್ಟಿದ್ದು ಕೊಟ್ಟಾಯ್ತು ಸಾ, ವಾಪಸ್ ಕೊಡಕಾಗಲ್ಲ. ಒಡೀಬೇಕು ಅಂದ್ರೆ ನನ್ ಒಲಕ್ ಬಂದು ಒಡೀರಿ."

ಬಂದರು. ಮೂವರೂ ಬಂದರು. ಡಾಕ್ಟರು ಮಾತ್ರ ಹೊಸ ಕೋಲನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು.

"ಡಾಕ್ಟ್ರೇ, ಆ ನೆಟ್ಟಗೋಗ ಕೋಲು ನನ್ ಒಲದೊಳಕ್ ತರಬ್ಯಾಡಿ. ಬದುವಿನಾಚೆ ಮಡಗಿ."

"ಇದು ಅನ್ಯಾಯ ಕಣ್ರಿ."

"ಒಲ ನಂದು."

ಸರದಿ ಹಾಕಿ ನಿಲ್ಲಿಸಿದೆ. ಹೊಸ ಕೋಲಿನ ಸುಖ ಕಂಡ ಕೈಗಳು ಹಳೆಯದನ್ನು ಮರೆತಿದ್ದವು. ಸಾಹೇಬರ ಮೊದಲ ಚೆಂಡು ನನ್ನ ಅಟ್ಟಣೆಯ ಕಂಬಕ್ಕೆ ಬಡಿಯಿತು. ಮಿಲ್ ಯಜಮಾನರದು ಸುತ್ತು ಹಾಕಿ ಅವರ ಕಾರಿನ ಕಡೆಗೇ ಹೋಯಿತು. ಬೈಗುಳ ಎದ್ದವು ನೋಡಿ! ಆದರೆ ಎಲ್ಲರನ್ನೂ ಮೀರಿಸಿದವರು ಡಾಕ್ಟರು. ಹಗಲೆಲ್ಲ "ಆ ಅನ್ನಿ, ಸ್ವಲ್ಪ ಆ ಅನ್ನಿ" ಅಂತ ಮೆತ್ತಗೆ ಮಾತಾಡುವ ಮನುಷ್ಯ ಮೂರು ಸಲ ತಪ್ಪಿಸಿ, ನಾಲ್ಕನೆಯದಕ್ಕೆ ಬಾಯಿ ತೆರೆದರು. ಕ್ವಾರಿಯಲ್ಲಿ ಬೆಳೆದ ನಾನೇ ತಲೆ ತಗ್ಗಿಸಿದೆ. ಹೆಂಡತಿ ಸೆರಗಿನಲ್ಲಿ ಕಿವಿ ಮುಚ್ಚಿಕೊಂಡು, ಕಂದಕದ ಕಡೆ ನೋಡಿ, "ಅವಿನ್ನು ಪಾಲಾರ್ ಗಡಿ ದಾಟೇ ನಿಲ್ಲದು," ಅಂದಳು.

ಅಲ್ಲಿಂದ ಕೊಯ್ಲಿನವರೆಗೆ ಒಂದು ಸಂಜೆಯೂ ಅವರು ತಪ್ಪಿಸಲಿಲ್ಲ. ಯಾರಾದರೂ ಚೆನ್ನಾಗಿ ಹೊಡೆಯಲು ಶುರುಮಾಡಿದರೆ ನಾನು ಅವರನ್ನು ಕೂರಿಸಿ ಮುಂದಿನವರನ್ನು ನಿಲ್ಲಿಸುತ್ತಿದ್ದೆ. ಹಂದಿ ಮಲಗಿಸಿದ ಸಾಲುಗಳು ಹೋದದ್ದು ಹೋದವು. ಉಳಿದದ್ದೆಲ್ಲ ಒಣಗಿತು, ಮುರಿದೆವು, ಗಾಡಿ ಹೇರಿದೆವು.

ದೀಪಾವಳಿಗೆ ನನ್ನ ಜಗಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಟೀ ಅಂಗಡಿಯವರೆಲ್ಲ ಬಂದು ನೋಡಿದರು. ಮೀಸೆಯವನೂ ಬಂದ. ಒಂದು ತೆನೆ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಲೇ, ಆ ಬಂಡೆ ಮ್ಯಾಲೆ ಇದ್ ಎಂಗ್ಲಾ ಬೆಳ್ದೆ?"

"ದೊಡ್ಡ ದೊಡ್ಡೋರ್ ಕೈಲಿ ಬೈಸಿ ಬೆಳ್ದೆ," ಅಂದೆ.

ಹೆಂಡತಿ ಎಲ್ಲರಿಗೂ ಟೀ ಕೊಟ್ಟಳು. ಎಲ್ಲರ ಕಣ್ಣೂ ಅವನ ಮೀಸೆ ಮೇಲೆ. ಅವನು ಹೆಗಲ ಮೇಲಿನ ಟವಲನ್ನು ಮೂಗಿನವರೆಗೆ ಎಳೆದುಕೊಂಡು, ಒಳಗಿನಿಂದಲೇ ಲೋಟ ತೂರಿಸಿ ಕುಡಿದ.