ತೊಳೆದು ಕಳಿಸಿದ ಕಾಫಿ ಸಿಪ್ಪೆ

ಇಸವಿ ಎರಡು ಸಾವಿರ ದಾಟಿದ ಹೊಸತು. ಯೂನಿವರ್ಸಿಟಿಯಲ್ಲಿ ಪಿಎಚ್‌ಡಿಗೆ ಸೇರಿದ್ದ ನನ್ನ ತಮ್ಮನ ಮಗಳು, ಕಾಫಿ ಸಿಪ್ಪೆಯನ್ನು ಸುಟ್ಟು ಇಂಗಾಲ ಮಾಡಿ, ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಲೆಕ್ಟ್ರಾನಿಕ್ ಭಾಗಗಳನ್ನು ತಯಾರಿಸುತ್ತೇನೆ ಎಂದಳು. ನನಗೆ ಬಹಳ ಸಂತೋಷವಾಯಿತು. ಬಾಳೂರಿನ ನಮ್ಮ ಎಸ್ಟೇಟಿನಲ್ಲಿ ಕಣ್ಣಿಗೆ ಕಾಣುವ ಕೆಲಸವನ್ನೇ ಯಾರೂ ಮಾಡುತ್ತಿರಲಿಲ್ಲ.

"ಸಸ್ಟೇನಬಲ್ ನ್ಯಾನೋ ಎಲೆಕ್ಟ್ರಾನಿಕ್ಸ್, ಅತ್ತೆ" ಎಂದಳು. ಗೊಬ್ಬರದ ಗುಂಡಿಗೆ ಎಸೆಯುವ ವಸ್ತುವಿಗೆ ಅಷ್ಟು ಒಳ್ಳೆಯ ಇಂಗ್ಲಿಷ್ ಇದೆಯೆಂದು ಕಾನ್ವೆಂಟಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಕೇಳಿದ ಸಿಪ್ಪೆಯ ಮೊದಲ ಮೂಟೆಯನ್ನು ನಮ್ಮ ತೋಟದಿಂದ ಕಳಿಸಿದವನು ನಮ್ಮ ಮೇಸ್ತ್ರಿ. ನಾನಾಗ ಕಣ್ಣಿನ ಆಪರೇಷನ್ನಿಗೆ ಚಿಕ್ಕಮಗಳೂರಿನಲ್ಲಿದ್ದೆ. ಆ ಇಂಗಾಲದಲ್ಲಿ ವಿದ್ಯುತ್ತು ಸೊಗಸಾಗಿ ಹರಿಯಿತಂತೆ, ಪ್ರೊಫೆಸರು ಕುಣಿದಾಡಿದರಂತೆ. ಮರುವರ್ಷದ ಮೂಟೆಯನ್ನು ನಾನೇ ನಿಂತು ಕಳಿಸಿದೆ. ಫಲಿತಾಂಶ ಸೊನ್ನೆ.

ಹುಡುಗಿ ಮುಖ ಸಣ್ಣದು ಮಾಡಿಕೊಂಡು ಬಂದಳು. "ಹೋದ ವರ್ಷದ ರೀಡಿಂಗ್ ನಾನೇ ಕಟ್ಟಿ ಬರ್ದಿದ್ದು ಅಂತ ಸರ್‌ಗೆ ಡೌಟು. ಇನ್ನೊಂದ್ ಸಲ ಬರ್ಲಿಲ್ಲ ಅಂದ್ರೆ ಥೀಸಿಸ್ ಬಿಟ್ಟು ಮನೆಗೆ ಹೋಗು ಅಂದ್ರು. ಈ ಸಲ ಏನಾದ್ರೂ ಬೇರೆ ಥರ ಮಾಡಿದ್ರಾ ಅತ್ತೆ?"

"ನಾನೇನ್ ಮಾಡ್ಲಿ? ಡೀಸೆಂಟಾಗಿ ಕಳ್ಸಿದೀನಿ" ಎಂದೆ.

ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ಕೆಮ್ಮಿದ. "ಅಮ್ಮಾವ್ರು ಮೂರ್ ನೀರಲ್ಲಿ ತೊಳ್ಸಿದ್ರು, ಸಣ್ಣಮ್ಮಾವ್ರೆ. ಸಿಮೆಂಟ್ ಕಣದಲ್ಲೇ ಒಣಗ್ಸು ಅಂದ್ರು. ಹೋದ್ ವರ್ಷ ನಾನು ಸಗಣಿ ಸಾರ್ಸಿದ್ ಕಣದಲ್ಲಿ ಒಣಗ್ಸಿ, ಹಂಗೇ ಬಾಚಿ ತುಂಬಿದ್ದೆ."

ಯೂನಿವರ್ಸಿಟಿಗೆ ಸಗಣಿ ಮೆತ್ತಿದ ಸಿಪ್ಪೆ ಹೋಗುವುದೇ? ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಉಗುರು ನೋಡಿಯೇ ಕ್ಲಾಸಿನೊಳಗೆ ಬಿಡುತ್ತಿದ್ದರು. ಮನೆತನದ ಮಾನ ಉಳಿಸಲೆಂದು ತೊಳೆಸಿದ್ದೆ. ಹುಡುಗಿಯ ಮಾನವನ್ನೂ ಸೇರಿಸಿ ತೊಳೆದಿದ್ದೆ.

ಅವತ್ತೇ ಪ್ರೊಫೆಸರಿಗೆ ಪತ್ರ ಬರೆದೆ: ತಪ್ಪು ನಿಮ್ಮ ವಿದ್ಯಾರ್ಥಿನಿಯದಲ್ಲ, ನನ್ನ ಶುಚಿತ್ವದ್ದು. ಕಾನ್ವೆಂಟಿನಲ್ಲಿ ಪ್ರೈಜ್ ತಂದ ಕರ್ಸಿವ್ ಅಕ್ಷರದಲ್ಲಿ 'ಕೌ ಡಂಗ್' ಎಂದು ಬರೆದದ್ದು ಜೀವಮಾನದಲ್ಲಿ ಅದೇ ಮೊದಲು. ಅವರು ಇನ್ನೊಂದು ಅವಕಾಶ ಕೊಟ್ಟರು.

ಮೂರನೆಯ ಮೂಟೆಗೆ ಮೇಸ್ತ್ರಿ ಕಣ ಸಾರಿಸಿದ; ನಾನು ದೂರದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತೆ. ವಿದ್ಯುತ್ತು ಮತ್ತೆ ಹರಿಯಿತು. ಸುಡುವಾಗ ಸಗಣಿಯ ಲವಣಗಳು ಸಿಪ್ಪೆಗೆ ಏನೋ ಉಪಕಾರ ಮಾಡುತ್ತವಂತೆ. ಥೀಸಿಸ್ಸಿನಲ್ಲಿ ಸಗಣಿಗೆ ಇಡೀ ಒಂದು ಅಧ್ಯಾಯ. ಕೃತಜ್ಞತೆಯ ಪುಟದಲ್ಲಿ ಮೇಸ್ತ್ರಿಯ ಹೆಸರು ನನ್ನದಕ್ಕಿಂತ ಒಂದು ಸಾಲು ಮೇಲಿತ್ತು. ಅವನಿಗೆ ಓದಿ ಹೇಳಿದೆ.

"ಹಂಗಾದ್ರೆ ನಾವು ಪಾಸಾ, ಅಮ್ಮಾವ್ರೆ?"

"ನೀನು ಪಾಸು ಮಾರಾಯ. ನಾನೇ ಫೇಲು."