ಮೂವತ್ತೆರಡು ಅಕ್ಷರಗಳ ವಿಳಾಸದಕ್ಕ

ಬೆಳಗಿನ ಐದೂಮುಕ್ಕಾಲು. ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ರಾತ್ರಿ ಪಾಳಿಯ ಕಾವಲುಗಾರ ಟೋಪಿ ತೆಗೆದಿಟ್ಟು, ಕಾಗದದ ಮೇಲೆ ಬೆರಳಿಟ್ಟು ಓದುತ್ತಿದ್ದಾರೆ. “ಎರಡು, ಸೊನ್ನೆ, ಸೊನ್ನೆ, ಒಂದು... ಸೊನ್ನೆ, ಡಿ, ಬಿ, ಎಂಟು...” ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತ ಐವತ್ತನಾಲ್ಕರ ಹೆಂಗಸು ಒಂದೊಂದಕ್ಕೂ “ಹೂಂ” ಎನ್ನುತ್ತಾರೆ. ಕಚೇರಿಯವರಿಗೆಲ್ಲ ಅವರು ವಿಳಾಸದಕ್ಕ.

ನಾವು ಫೋನಿನಲ್ಲಿ ಜಾಲತಾಣದ ಹೆಸರು ಒತ್ತಿ ಸುಮ್ಮನಾಗುತ್ತೇವೆ. ಆ ಹೆಸರಿನ ಯಂತ್ರ ಯಾವ ವಿಳಾಸದಲ್ಲಿದೆ ಎಂಬ ದಾಖಲೆ ಬರೆಯುವುದು ಇವರ ಕೆಲಸ. ಹಳೆಯ ವಿಳಾಸಗಳು ಚಿಕ್ಕವು, ಜಗತ್ತಿಗೆ ಸಾಲದೆ ಹೋದವು. ಹೊಸದು ಅದರ ನಾಲ್ಕು ಪಟ್ಟು, ಬಿಡಿಸಿ ಬರೆದರೆ ಅಂಕಿಗಳೂ ಸೇರಿ ಮೂವತ್ತೆರಡು ಅಕ್ಷರ. “ಹಳೇ ದಾಖಲೆಗೆ ‘ಎ’ ಅಂತ ಗುರುತು. ಹೊಸದು ನಾಲ್ಕು ಪಟ್ಟು ಅಲ್ವಾ, ಅದಕ್ಕೇ ನಾಲ್ಕು ‘ಎ’. ಹೆಸರಿಟ್ಟೋರಿಗೆ ಬೇರೇನೂ ಹೊಳೀಲಿಲ್ಲ ಅನ್ಸತ್ತೆ,” ಎಂದು ನಗುತ್ತಾರೆ. ಸದ್ಯಕ್ಕೆ ಒಂದೇ ಹೆಸರಿನಡಿ ಹಳೆಯದೂ ಹೊಸದೂ ಒಟ್ಟಿಗೇ ಸಂಸಾರ ಮಾಡುತ್ತಿವೆ.

ಮೊದಲು ಅವರು ಟೆಲಿಫೋನ್ ಡೈರೆಕ್ಟರಿಯ ಕರಡು ತಿದ್ದುತ್ತಿದ್ದರು. ಡೈರೆಕ್ಟರಿ ನಿಂತಿತು, ಕೆಲಸವೂ ಹೋಯಿತು. ನಲವತ್ತು ದಾಟಿದ ಮೇಲೆ ಮಗಳ ಪಕ್ಕ ಕುಳಿತು, ಅವಳಿಂದ ಬೈಸಿಕೊಂಡು ಕಂಪ್ಯೂಟರ್ ಕಲಿತರು. ಈಗ ದಿನಕ್ಕೆ ಹದಿನೈದು ಹೆಸರು. ಜೋರಾಗಿ ಓದಿಸಿ ತಾಳೆ ನೋಡುವ ಅಭ್ಯಾಸ ಮಾತ್ರ ಬಿಟ್ಟಿಲ್ಲ, ಅದಕ್ಕೆ ಎಂಜಿನಿಯರುಗಳನ್ನು ಕರೆಯುವುದೂ ಇಲ್ಲ. “ತಿಳಿದೋರು ತಪ್ಪನ್ನ ತಾವೇ ಸರಿಮಾಡ್ಕೊಂಡು ಓದ್ಬಿಡ್ತಾರೆ. ಈ ಕಾವಲಿನ ಅಣ್ಣ ಇದ್ದದ್ದು ಇದ್ದ ಹಾಗೆ ಓದ್ತಾರೆ.”

ಆದರೂ ಎರಡು ತಿಂಗಳ ಹಿಂದೆ ಎಡವಟ್ಟಾಯಿತು. ಆಸ್ಪತ್ರೆಯೊಂದರ ಹೊಸ ವಿಳಾಸವನ್ನು ಒಂದಕ್ಷರವೂ ತಪ್ಪದೆ ಬರೆದಿದ್ದರು. ಆದರೆ ಆ ವಿಳಾಸದಲ್ಲಿ ಆಸ್ಪತ್ರೆಯ ಯಂತ್ರ ಇನ್ನೂ ಬಾಗಿಲನ್ನೇ ತೆರೆದಿರಲಿಲ್ಲ. ಹೊಸ ದಾರಿ ಹಿಡಿದ ಫೋನುಗಳು ಅಲ್ಲೇ ಕಾದು ನಿಂತವು. ಅವುಗಳಲ್ಲಿ ಒಂದು ಈ ಕಾವಲುಗಾರರದೇ. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡಲು ಒದ್ದಾಡಿದರು. ವಿಳಾಸದಕ್ಕ ದಾಖಲೆ ಹಿಂದಕ್ಕೆ ತೆಗೆದು ಪುಟ ತೆರೆಯುವಷ್ಟರಲ್ಲಿ ಸರದಿಯೆಲ್ಲ ಭರ್ತಿ. “ಅಣ್ಣ ಮಾರನೇ ಬೆಳಿಗ್ಗೆ ಎಂದಿನ ಹಾಗೆ ಓದೋಕೆ ಕೂತ್ರು. ಬೈದಿದ್ರೇ ವಾಸಿಯಿತ್ತು,” ಎನ್ನುತ್ತಾರೆ.

ಇವತ್ತು ಅದೇ ಆಸ್ಪತ್ರೆ, ಅದೇ ವಿಳಾಸ. ಈ ಸಲ ಮೊದಲು ಆ ಯಂತ್ರವನ್ನೇ ನೇರವಾಗಿ ತಟ್ಟಿ ನೋಡಿದ್ದಾರೆ, ತೆರೆದಿದೆ. ಹೊಸ ದಾಖಲೆಯನ್ನು ಯಾವ ಫೋನೂ ಯಂತ್ರವೂ ಐದು ನಿಮಿಷಕ್ಕಿಂತ ಹೆಚ್ಚು ನೆನಪಿಡದಂತೆ ಗುರುತು ಹಾಕಿದ್ದಾರೆ, ಎಡವಿದರೆ ಬೇಗ ಹಿಂದಕ್ಕೆ ತೆಗೆಯಲು. ಮೂವತ್ತೆರಡನೆಯ “ಹೂಂ” ಆದ ಮೇಲೆ ಗುಂಡಿ ಒತ್ತುತ್ತಾರೆ.

ಎಂಟಕ್ಕೆ ಆಸ್ಪತ್ರೆಯ ಸರದಿ ತೆರೆಯುತ್ತದೆ. ಪಾಳಿ ಮುಗಿದರೂ ಕಾವಲುಗಾರ ಮನೆಗೆ ಹೋಗಿಲ್ಲ. ಫೋನಿನಲ್ಲಿ ಆಸ್ಪತ್ರೆಯ ಹೆಸರು ಒತ್ತುತ್ತಾರೆ. ಪುಟ ತೆರೆಯುತ್ತದೆ. ಅವರು ಪರದೆಯ ಮೇಲೆ ಬೆರಳಿಟ್ಟು, ಎಂದಿನ ಅದೇ ದನಿಯಲ್ಲಿ ಓದುತ್ತಾರೆ: “ಸೋಮವಾರ. ಹತ್ತೂವರೆ. ಬಲಗಣ್ಣು.”

ವಿಳಾಸದಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ.

“ಹೂಂ. ಇನ್ನೊಂದ್ಸಲ ಓದಿ, ಅಣ್ಣ.”