ಕೊಸರಿನ ಕೈ

ಮೂಡಲಗಿಯ ಗುರುಲಿಂಗಪ್ಪನ ಕಿರಾಣಿ ಅಂಗಡಿಯಲ್ಲಿ ಸಾಮಾನಿಗಿಂತ ಎಚ್ಚರಿಕೆಯೇ ಹೆಚ್ಚು. ಗಲ್ಲೆಗೆ ಬೀಗ, ಬೀಗದ ಕೀಲಿ ಉಡದಾರಕ್ಕೆ. ಪೆಪ್ಪರಮಿಂಟಿನ ಡಬ್ಬಿಯನ್ನು ಮಕ್ಕಳ ಕೈಗಷ್ಟೇ ಅಲ್ಲ, ದೊಡ್ಡವರ ಕೈಗೂ ನಿಲುಕದ ಕಡೆ ಇಟ್ಟಿದ್ದಾನೆ. ಆದರೆ ತೂಕದಲ್ಲಿ ಆತ ಒಂದು ಕಾಳೂ ಮೋಸ ಮಾಡಿದವನಲ್ಲ. ಅದೇ ದಂಧೆಯಲ್ಲಿರುವ ನಾನು ಈ ಮಾತು ಹೇಳುತ್ತಿದ್ದೇನೆ ಅಂದಮೇಲೆ ನಂಬಬಹುದು.

ಹೋದ ವರ್ಷ ನಮ್ಮ ಕಡೆ ಅಂಗಡಿಗಳ ಕಳವು ಬಹಳವಾಯಿತು. ಪೊಲೀಸ್ ಸಾಹೇಬರು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರಿನ ವ್ಯಾಪಾರಸ್ಥರನ್ನು ಕೂಡಿಸಿದರು. ಅಂಗಡಿಗೊಂದು ಕ್ಯಾಮೆರಾ ಹಾಕಿಸಿರಿ, ಎಲ್ಲರೂ ಒಂದು ವಾಟ್ಸಾಪ್ ಗ್ರೂಪಿನಲ್ಲಿರಿ, ಯಾರ ಮೇಲಾದರೂ ಅನುಮಾನ ಬಂದರೆ ಮೊದಲು ನಮಗೆ ಹೇಳಿರಿ, ವಿಚಾರಿಸದೆ ಯಾರ ಫೋಟೋವನ್ನೂ ಹಾಕಬೇಡಿರಿ ಅಂದರು. ಈ ಕೊನೆಯ ಮಾತಿನ ಹೊತ್ತಿಗೆ ಚಹಾ ಮತ್ತು ಮಿರ್ಚಿ ಬಂದಿದ್ದವು. ಯಾರೂ ಕೇಳಿಸಿಕೊಳ್ಳಲಿಲ್ಲ. ವ್ಯಾಪಾರಸ್ಥರ ಸಂಘದ ಕಾರ್ಯದರ್ಶಿ ಅಂತ ಎಲ್ಲರಿಗಿಂತ ಮುಂದೆ ಕೂತಿದ್ದ ನಾನೂ ಕೇಳಿಸಿಕೊಳ್ಳಲಿಲ್ಲ.

ಎಲ್ಲರಿಗಿಂತ ದೊಡ್ಡ ಕ್ಯಾಮೆರಾ ಹಾಕಿಸಿದವನು ಗುರುಲಿಂಗಪ್ಪ. ಆದರೆ ಆತನ ನಸೀಬು ನೋಡಿರಿ. ಗೋಕಾಕದ ಬಟ್ಟೆ ಅಂಗಡಿಯಲ್ಲಿ ಸೀರೆ ಬಚ್ಚಿಟ್ಟವರು ಸಿಕ್ಕರು, ಹುಕ್ಕೇರಿಯ ಮೊಬೈಲ್ ಅಂಗಡಿಯಲ್ಲೂ ಒಬ್ಬ ಸಿಕ್ಕ. ಈತನ ಕ್ಯಾಮೆರಾದಲ್ಲಿ ಬೆಕ್ಕು ಬಿಟ್ಟರೆ ಈತನ ಹೊಟ್ಟೆಯೇ. ಗ್ರೂಪಿನಲ್ಲಿ ಎಲ್ಲರೂ ಕಾಡಿಸಿದರು. ಕ್ಯಾಮೆರಾಕ್ಕೆ ಕಣ್ಣು ಮಂಜಾಗಿರಬೇಕು, ಒಂದು ಚಾಳೀಸು ಹಾಕಿಸು ಅಂತ ಮೊದಲು ಬರೆದವನು ನಾನೇ.

ಅದಾದ ಮೇಲೆ ಒಂದು ಮುಂಜಾನೆ ಗ್ರೂಪಿಗೆ ಆತನ ಫೋಟೋ ಬಂತು. ಶೇಂಗಾ ಚೀಲದೊಳಗೆ ಮುಂಗೈತನಕ ಇಳಿದ ಒಂದು ಕೈ, ಅದರ ಮೇಲೆ ಹಚ್ಚೆ, ಸೆರಗಿನ ಕೆಳಗೆ ಅರ್ಧ ಮುಖ. ಕೆಳಗೆ, 'ಶೇಂಗಾ ಕಳ್ಳಿ, ಸಂತಿಗೊಮ್ಮೆ ಬರತಾಳ, ಹುಷಾರ್' ಅಂತ ಬರೆದಿದ್ದ. ಮೂರೂ ಊರಿನವರು ಚಪ್ಪಾಳೆಯ ಚಿತ್ರ ಹಾಕಿದರು. ನಾನು ಸಂಘದ ಪರವಾಗಿ ಒಂದು ಶಾಲು ತಗೊಂಡು ಮೂಡಲಗಿಗೇ ಹೊರಟೆ.

ನಾನು ಹೋದಾಗ ದೀಪಾ ಅನ್ನುವ ಮಹಿಳಾ ಪೊಲೀಸ್ ವಿಚಾರಣೆಗೆ ಬಂದು ಕೂತಿದ್ದಳು. ಯಾವಾಗ ಆಯಿತು, ತೂಗಿದವರು ಯಾರು ಅಂತ ಆಕೆ ಕೇಳಿದರೆ, ಗುರುಲಿಂಗಪ್ಪ ಕ್ಯಾಮೆರಾದ ಕಂಪನಿ ಯಾವುದು ಅಂತ ಹೇಳುತ್ತಿದ್ದ. ನಾನು ಶಾಲಿನ ಮಡಿಕೆ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಬುಟ್ಟಿ ಹೊತ್ತುಕೊಂಡು ಉದ್ದವ್ವ ಬಂದಳು.

ಕುಲಗೋಡದ ಉದ್ದವ್ವನನ್ನು ನಾನೂ ಬಲ್ಲೆ. ಸಂತೆಯ ದಿನ ಗುರುಲಿಂಗಪ್ಪನ ಹತ್ತಿರ ಶೇಂಗಾ ಕೊಂಡು, ಕುಟ್ಟಿ ಚಟ್ನಿ ಮಾಡಿ, ಪಾಕೀಟು ಕಟ್ಟಿ ಮೂರೂ ಊರಿನ ಅಂಗಡಿಗಳಿಗೆ ಹಾಕುತ್ತಾಳೆ. ನಿಡಸೋಸಿಯ ಕಾಲೇಜು ಹುಡುಗರು ಆಕೆಯ ಚಟ್ನಿ ಇಲ್ಲದೆ ರೊಟ್ಟಿ ಮುರಿಯುವುದಿಲ್ಲ. ಅವತ್ತು ಹುಕ್ಕೇರಿಯ ಅಂಗಡಿಯವರು ಪಾಕೀಟುಗಳನ್ನೆಲ್ಲ ಆಕೆಯ ಬುಟ್ಟಿಗೇ ತಿರುಗಿ ಹಾಕಿ, ಇನ್ನು ಬರಬೇಡ ಅಂದಿದ್ದರು. ಗೋಕಾಕದಲ್ಲೂ ಅದೇ ಆಯಿತು. ಕಾರಣ ಯಾರೂ ಹೇಳಿರಲಿಲ್ಲ. ಆಕೆಯ ಕೈಯಲ್ಲಿ ದೊಡ್ಡ ಮೊಬೈಲ್ ಇಲ್ಲ, ಗ್ರೂಪಿನ ಸುದ್ದಿಯೂ ಗೊತ್ತಿಲ್ಲ.

"ಸಾವುಕಾರ್ರ, ನಾ ಏನ್ ತಪ್ಪ ಮಾಡೇನಿ ಅಂತ ಒಬ್ರೂ ಹೇಳವಲ್ರು," ಅಂದಳು. "ನಾ ಎಂಥಾಕಿ ಅಂತ ನಿಮ್ಮ ಅಪ್ಪಾರಿಗೆ ಗೊತ್ತಿತ್ತು. ನಿಮಗೂ ಗೊತ್ತೈತಿ. ಆ ಅಂಗಡಿಯವ್ರಿಗೆ ನೀವೊಂದ್ ಮಾತ್ ಹೇಳ್ರಿ."

ಗುರುಲಿಂಗಪ್ಪ ಬುಟ್ಟಿ ಹಿಡಿದಿದ್ದ ಆಕೆಯ ಕೈಯ ಹಚ್ಚೆ ನೋಡಿದ. ಆಮೇಲೆ ಬೇಳೆಯ ಚೀಲ ನೋಡತೊಡಗಿದ. ದೀಪಾ ತನ್ನ ಮೊಬೈಲನ್ನು ಉದ್ದವ್ವನ ಮುಂದೆ ಹಿಡಿದು, ಈ ಕೈ ನಿನ್ನದೇನವ್ವಾ ಅಂತ ಮೆತ್ತಗೆ ಕೇಳಿದಳು.

"ನಂದ ಐತಿ," ಅಂದಳು ಉದ್ದವ್ವ. ಇನ್ನೂ ಸ್ವಲ್ಪ ಹೊತ್ತು ನೋಡಿದಳು. "ಚೀಲಾ ನಿಮ್ದು ಐತಲ್ರಿ, ಸಾವುಕಾರ್ರ?"

ಉತ್ತರ ಬಂದದ್ದು ಒಳಬಾಗಿಲಿನಿಂದ, ಆತನ ಹೆಂಡತಿ ಭಾಗ್ಯಾಳಿಂದ.

"ಆಕಿ ಕೊಸರು ತಗೊಂಡಾಳ. ತೂಗಿದಾಕಿ ನಾ, ತಗೋ ಅಂದಾಕಿನೂ ನಾ. ನೀವು ಆವಾಗ ಉಂಡು ಗೊರಕಿ ಹೊಡ್ಯಾಕತ್ತಿದ್ರಿ. ಕ್ಯಾಮೆರಾನ ಕೇಳೋ ಬದ್ಲಿ ನನ್ನ ಕೇಳಬಾರ್ದಾಗಿತ್ತೇನು?"

ಕೊಸರು ಅಂದರೆ ತೂಕವಾದ ಮೇಲೆ ಗಿರಾಕಿಗೆ ಸಲ್ಲುವ ಮೇಲಿನ ಹಿಡಿ. ಎಲ್ಲ ಅಂಗಡಿಗಳಲ್ಲಿ ಅಂಗಡಿಯವನೇ ಹಾಕುತ್ತಿದ್ದ. ಗುರುಲಿಂಗಪ್ಪನ ಅಪ್ಪ ಬಸವಲಿಂಗಪ್ಪ ಮಾತ್ರ, ನಿಮ್ಮ ಕೈಯಿಂದಲೇ ತಗೊಳ್ಳಿರಿ ಅನ್ನುತ್ತಿದ್ದ. ತಮ್ಮ ಕೈಯಿಂದಲೇ ತಗೊಳ್ಳುವವರು ನಾಚಿ ಕಡಿಮೆ ತಗೋತಾರೆ ಅಂತ ನನ್ನ ಮುಂದೆ ಲಾಭದ ಲೆಕ್ಕ ಹೇಳುತ್ತಿದ್ದ. ಆದರೆ ಅದು ಬರೀ ಲಾಭದ ಮಾತಾಗಿರಲಿಲ್ಲ. ಉದ್ದವ್ವನ ಓಣಿಯವರಿಗೆ ಅಂಗಡಿಯವರು ಮುಟ್ಟಿದರೆ ಮೈಲಿಗೆ ಅಂತ ದೂರದಿಂದ ಸೆರಗಿಗೆ ಸುರಿಯುತ್ತಿದ್ದ ಕಾಲ ಅದು. ಅವರ ಕೈ ತನ್ನ ಚೀಲದೊಳಗೆ ಇಳಿಯಲಿ ಅಂದವನು ಆ ಪೇಟೆಯಲ್ಲಿ ಬಸವಲಿಂಗಪ್ಪ ಒಬ್ಬನೇ. ಈಗ ಎಲ್ಲವೂ ಪಾಕೀಟು. ಮಗನಿಗೆ ಕೊಸರು ಮರೆತೇ ಹೋಗಿತ್ತು. ಕ್ಯಾಮೆರಾಕ್ಕೆ ಚೀಲ ಕಾಣುತ್ತಿತ್ತು, ತಕ್ಕಡಿ ಕಾಣುತ್ತಿರಲಿಲ್ಲ.

ನನ್ನ ಕೈಯಲ್ಲಿ ಶಾಲು ಅರ್ಧ ಬಿಚ್ಚಿತ್ತು. ಮಡಚಿದರೂ ನಾಚಿಕೆ, ಹಿಡಿದು ನಿಂತರೂ ನಾಚಿಕೆ. ಕೊನೆಗೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ, ಕದ್ದ ಮಾಲಿನ ಹಾಗೆ.

ಗುರುಲಿಂಗಪ್ಪ ಗ್ರೂಪಿನಿಂದ ಫೋಟೋ ಅಳಿಸಿದ.

"ಅಳಿಸಿದ್ರ ಆಗೋದಿಲ್ರಿ ಕಾಕಾ," ಅಂದಳು ದೀಪಾ. "ಯಾರ್ಯಾರು ನೋಡ್ಯಾರೋ ಅವರ ಮುಂದ ನಿಂತು ಹೇಳ್ಬೇಕು."

ಹಬ್ಬಕ್ಕೂ ಅಂಗಡಿ ಮುಚ್ಚದ ಮನುಷ್ಯ ಮರುದಿನ ಮುಚ್ಚಿದ. ಉದ್ದವ್ವ, ದೀಪಾ, ನಾನು, ಆತ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಬುಟ್ಟಿಯನ್ನು ಆತ ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದ. ಪ್ರತಿ ಅಂಗಡಿಯಲ್ಲಿ ಒಂದೇ ಮಾತು: "ಈಕಿ ಕಳ್ಳಿ ಅಲ್ರಿ. ನನಗೊಬ್ಬ ಕಳ್ಳ ಬೇಕಾಗಿದ್ದ, ಈಕಿ ಸಿಕ್ಕಳು." ಒಬ್ಬರೂ ನಗಲಿಲ್ಲ. ಚಪ್ಪಾಳೆ ಹಾಕಿದವರೆಲ್ಲ ಪಾಕೀಟು ಎಣಿಸುವ ನೆಪದಲ್ಲಿ ತಲೆ ಬಗ್ಗಿಸಿದರು. ಚಟ್ನಿ ಮತ್ತೆ ಅಂಗಡಿ ಸೇರಿತು.

ಹುಕ್ಕೇರಿಯ ಅಂಗಡಿಯವರು ಆ ಫೋಟೋವನ್ನು ದೊಡ್ಡದಾಗಿ ತೆಗೆಸಿ ಗೋಡೆಗೆ ಅಂಟಿಸಿದ್ದರು. ಗುರುಲಿಂಗಪ್ಪ ಉಡದಾರದ ಕೀಲಿ ಬಿಚ್ಚಿ ಅದರಿಂದಲೇ ಕೆರೆದ. ಗಟ್ಟಿ ಅಂಟು. ಮುಖ ಹರಿದು ಬಂತು, ಕೈ ಗೋಡೆಗೇ ಉಳಿಯಿತು. ಉದ್ದವ್ವ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮುಂದಿನ ಸಂತೆಗೆ ಆಕೆ ಶೇಂಗಾಕ್ಕೆ ಬಂದಳು. ಬರುತ್ತಾಳೋ ಇಲ್ಲವೋ ಅಂತ ನೋಡಲು ನಾನೂ ಹೋಗಿದ್ದೆ. ಭಾಗ್ಯಾ ತೂಗಿದಳು. ಗುರುಲಿಂಗಪ್ಪ ಗಲ್ಲೆ ಬಿಟ್ಟು ಎದ್ದು ಬಂದು, ಚೀಲದ ಬಾಯಿ ಅಗಲ ಮಾಡಿ ಹಿಡಿದ.

"ಕೊಸರು ತಗೋ, ಯವ್ವಾ."

ಉದ್ದವ್ವ ಮೇಲಿನ ಕ್ಯಾಮೆರಾ ನೋಡಿದಳು. ಆಮೇಲೆ ಹಚ್ಚೆಯ ಕೈಯನ್ನು ಸೆರಗಿನ ಮರೆಗೆ ಸರಿಸಿ, ಅದೇ ಸೆರಗು ಒಡ್ಡಿದಳು.

"ನೀವ ಹಾಕ್ರಿ."

ಆತ ಇನ್ನೊಮ್ಮೆ ಅಂದು ನೋಡಿದ. ಸೆರಗು ಒಡ್ಡಿದ್ದು ಒಡ್ಡಿದ ಹಾಗೇ ಇತ್ತು. ಎರಡೂ ಕೈ ತುಂಬಿ ಹಾಕಿದ, ಮತ್ತೊಮ್ಮೆ ಹಾಕಿದ, ಕಾಳು ಹೊರಳಿ ನೆಲಕ್ಕೆ ಚೆಲ್ಲಿದವು. ಸಾಕ್ರಿ ಅಂತ ಆಕೆ ಗಂಟು ಕಟ್ಟಿಕೊಂಡು ಹೋದಳು. ಗುರುಲಿಂಗಪ್ಪ ಕೆಳಗೆ ಕೂತು ಕಾಳು ಆರಿಸತೊಡಗಿದ. ಎಲ್ಲವನ್ನೂ ಆರಿಸಿ ಮುಗಿದ ಮೇಲೂ ಬಹಳ ಹೊತ್ತು ಹಾಗೇ ಕೂತಿದ್ದ.